ಬೈಜಿಕ ಸಮ್ಮಿಲನದ ಜಮಾ-ಖರ್ಚು

ಕೆಲವು ವರ್ಷಗಳಿಂದೀಚೆಗೆ ವಾರ್ತಾಪತ್ರಗಳ ವಿಜ್ಞಾನದ ಅಂಕಣಗಳಲ್ಲಿ ಒಂದು ಮಾತು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಪರಮಾಣು-ಬೀಜಗಳನ್ನು ಒಂದರೊಡನೊಂದು ಬೆಸೆಯುವ ಪ್ರಯೋಗದಲ್ಲಿ ವಿಜ್ಞಾನಿಗಳು ತಾವು ಕೊಟ್ಟ ಶಕ್ತಿಗಿಂತ ಹೆಚ್ಚಿನ ಶಕ್ತಿಯನ್ನು ಪಡೆದರೆಂಬುದೇ ಆ ಮಾತು. ೨೦೨೨ನೆಯ ಇಸವಿಯ ಡಿಸೆಂಬರ್ ೫ರಂದು ಅಮೇರಿಕೆಯ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಶಾಲೆಯಲ್ಲಿ ೧೯೨ ಲೇಸರ್ ಕಿರಣಗಳನ್ನು ಏಕಕಾಲಕ್ಕೆ ಒಂದು ಪುಟ್ಟ ಲೋಹದ ಕೊಳವೆಯೊಳಕ್ಕೆ ಹಾಯಿಸಿದರು. ಆ ಕೊಳವೆಯ ನಡುವೆ ಸುಮಾರು ೨ ಮಿಲಿಮೀಟರ್ ವ್ಯಾಸದ ಒಂದು ಗುಳಿಗೆ. ಗುಳಿಗೆಯೊಳಗೆ ಜಲಜನಕದ ಎರಡು ಭಾರವಾದ ರೂಪಗಳು. ಲೇಸರ್ ಕಿರಣಗಳು ಒಯ್ದ ಶಕ್ತಿ ೨೦.೫ ಲಕ್ಷ ಜೌಲ್. ಸಮ್ಮಿಲನದಿಂದ ಹೊರಬಿದ್ದ ಶಕ್ತಿ ೩೧.೫ ಲಕ್ಷ ಜೌಲ್. ಒಂದಕ್ಕೆ ಒಂದೂವರೆ! ಸೂರ್ಯನ ಒಲೆಯೇ ಭೂಮಿಗಿಳಿಯಿತೆಂಬ ಧಾಟಿಯಲ್ಲಿ ಜಗತ್ತಿನ ಪತ್ರಿಕೆಗಳು ಬರೆದುವು.

ಸಾಧನೆ ದೊಡ್ಡದು, ಅದರಲ್ಲಿ ಸಂದೇಹವಿಲ್ಲ. ಎಪ್ಪತ್ತು ವರ್ಷಗಳ ಪ್ರಯತ್ನದಲ್ಲಿ ಯಾವ ಪ್ರಯೋಗಶಾಲೆಗೂ ಕೈಗೂಡದಿದ್ದುದು ಅಂದು ಕೈಗೂಡಿತು. ಆದರೆ ಆ ಲೇಸರ್ ಯಂತ್ರವನ್ನು ಒಂದು ಸಲ ಸಜ್ಜುಗೊಳಿಸಲು ವಿದ್ಯುತ್ತಿನ ತಂತಿಯಿಂದ ಎಳೆದುಕೊಂಡ ಶಕ್ತಿ ಸುಮಾರು ೩೦ ಕೋಟಿ ಜೌಲ್! ಪ್ರಯೋಗಶಾಲೆಯವರು ಇದನ್ನು ಮುಚ್ಚಿಡಲಿಲ್ಲ, ಕೇಳಿದವರಿಗೆ ಹೇಳಿದರು. ಆದರೂ ದೊಡ್ಡಕ್ಷರಗಳ ತಲೆಬರಹಗಳಲ್ಲಿ ಉಳಿದುದು ಒಂದೂವರೆಯ ಲೆಕ್ಕ. ೩೦ ಕೋಟಿಯ ಲೆಕ್ಕ ಎಲ್ಲಿಯೋ ಕೊನೆಯ ಪರಿಚ್ಛೇದದಲ್ಲಿ ಅಡಗಿತು, ಇಲ್ಲವೆ ಅಚ್ಚಾಗಲೇ ಇಲ್ಲ.

ಜೌಲ್ ಎಂಬ ಮಾನ ಎಲ್ಲರಿಗೂ ಬಳಕೆಯದಲ್ಲ. ಮನೆಯ ವಿದ್ಯುತ್ ಬಿಲ್ಲಿನಲ್ಲಿ ಬರೆದಿರುವ ಯೂನಿಟ್ ಎಂಬುದು ೩೬ ಲಕ್ಷ ಜೌಲ್‌ಗೆ ಸಮ. ಆ ಮಾನದಿಂದ ಅಳೆದರೆ, ಲೇಸರ್ ಕಿರಣ ಒಯ್ದುದು ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು. ಸಮ್ಮಿಲನದಿಂದ ದೊರೆತುದು ಒಂದು ಯೂನಿಟ್‌ಗಿಂತ ಸ್ವಲ್ಪ ಕಡಮೆ. ಅದಕ್ಕಾಗಿ ಮಾಪಕದಲ್ಲಿ ಓಡಿದುದು ಸುಮಾರು ೮೩ ಯೂನಿಟ್. ಮುಂಬಯಿಯ ಉಡುಪಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರಿಗೆ ಈ ಲೆಕ್ಕವನ್ನು ವಿವರಿಸಬೇಕಾದುದಿಲ್ಲ. ನೂರು ರೂಪಾಯಿಯ ಅಕ್ಕಿ-ಉದ್ದು ತಂದು ನೂರೈವತ್ತು ರೂಪಾಯಿಯ ಇಡ್ಲಿ ಮಾರಿದೆನೆಂದು ಯಾವ ಮಾಲಕನೂ ಹಿಗ್ಗಲಾರನು. ಜಾಗೆಯ ಬಾಡಿಗೆ, ಉರುವಲು, ಹುಡುಗರ ಪಗಾರ, ನೀರಿನ ತೆರಿಗೆ ಇವನ್ನೆಲ್ಲ ಕಳೆದ ಮೇಲೆ ಉಳಿದುದನ್ನು ಮಾತ್ರ ಅವನು ಗಳಿಕೆ ಎಂದು ಕರೆಯುವನು. ಅಕ್ಕಿ-ಉದ್ದಿನ ಲೆಕ್ಕವೂ ಅವನಿಗೆ ಬೇಕು. ಹಿಟ್ಟು ಸರಿಯಾಗಿ ಉಬ್ಬಿತೋ ಇಲ್ಲವೋ ಎಂಬುದು ಅದರಿಂದಲೇ ತಿಳಿಯುವುದು. ಆದರೆ ಅದಕ್ಕೆ ಗಳಿಕೆಯೆಂಬ ಹೆಸರಿಡುವುದಿಲ್ಲ.

ಅಂಶ ಮತ್ತು ಛೇದ ಎಂಬ ಎರಡು ಮಾತುಗಳನ್ನು ನಾವು ಭಿನ್ನರಾಶಿಯ ಪಾಠದಲ್ಲಿಯೇ ಕಲಿಯುತ್ತೇವೆ. ಶಕ್ತಿಯ ಗಳಿಕೆಯೂ ಒಂದು ಭಿನ್ನರಾಶಿ. ಮೇಲೆ ಬರುವುದು ಸಮ್ಮಿಲನದಿಂದ ಹುಟ್ಟಿದ ಶಕ್ತಿ, ಕೆಳಗೆ ಬರುವುದು ನಾವು ಕೊಟ್ಟ ಶಕ್ತಿ. ನನ್ನ ವಾದವಿಷ್ಟು: ಈ ಭಿನ್ನರಾಶಿಯ ಅಂಶವನ್ನು ವಿಜ್ಞಾನಿಗಳು ಅದ್ಭುತವಾದ ಎಚ್ಚರದಿಂದ ಅಳೆಯುತ್ತಾರೆ, ಛೇದವು ಮಾತ್ರ ಹೇಳುವವರ ಅನುಕೂಲದಂತೆ ಜಾಗ ಬದಲಿಸುತ್ತದೆ. ಛೇದ ಯಾವುದೆಂದು ಹೇಳದೆ ಗಳಿಕೆಯ ಅಂಕಿಯನ್ನು ಸಾರ್ವಜನಿಕರ ಮುಂದಿಡುವುದನ್ನು ಅಳತೆ ಎನ್ನಲಾಗದು.

ಮೊದಲು ಅಂಶದ ವಿಷಯ. ಡ್ಯೂಟೀರಿಯಂ ಮತ್ತು ಟ್ರಿಟಿಯಂ ಎಂಬ ಜಲಜನಕದ ಎರಡು ರೂಪಗಳ ಬೀಜಗಳು ಬೆಸೆದುಕೊಂಡಾಗ ಹೀಲಿಯಂ ಬೀಜವೊಂದೂ ನ್ಯೂಟ್ರಾನ್ ಕಣವೊಂದೂ ಹುಟ್ಟುತ್ತವೆ. ಬಿಡುಗಡೆಯಾದ ಶಕ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲನ್ನು ನ್ಯೂಟ್ರಾನ್ ಹೊತ್ತುಕೊಂಡು ಸೆಕೆಂಡಿಗೆ ಸುಮಾರು ೫೦ ಸಾವಿರ ಕಿಲೋಮೀಟರ್ ವೇಗದಿಂದ ಹೊರಗೋಡುತ್ತದೆ. ಪ್ರತಿಯೊಂದು ಸಮ್ಮಿಲನದ ಶಕ್ತಿ ನಿಶ್ಚಿತವಾದುದರಿಂದ, ನ್ಯೂಟ್ರಾನ್‌ಗಳನ್ನು ಎಣಿಸಿದರೆ ಶಕ್ತಿಯನ್ನು ಅಳೆದಂತೆಯೇ ಆಯಿತು. ೨೦೨೨ರ ಆ ಪ್ರಯೋಗದಲ್ಲಿ ಹುಟ್ಟಿದ ನ್ಯೂಟ್ರಾನ್‌ಗಳು, ೧ರ ಮುಂದೆ ೧೮ ಸೊನ್ನೆಗಳನ್ನು ಬರೆದರೆ ಎಷ್ಟೋ ಅದಕ್ಕಿಂತ ಸ್ವಲ್ಪ ಹೆಚ್ಚು. ಇವನ್ನು ಎಣಿಸುವುದು ಹೇಗೆ? ಗುಳಿಗೆಯಿಂದ ದೂರದಲ್ಲಿ ಸುತ್ತಲೂ ಜಿರ್ಕೋನಿಯಂ ಲೋಹದ ತುಣುಕುಗಳನ್ನು ಇಟ್ಟಿರುತ್ತಾರೆ. ವೇಗವಾದ ನ್ಯೂಟ್ರಾನ್ ತಾಕಿದ ಜಿರ್ಕೋನಿಯಂ ಪರಮಾಣು ತನ್ನ ಬೀಜದಿಂದ ಒಂದು ನ್ಯೂಟ್ರಾನನ್ನು ಕಳೆದುಕೊಂಡು ವಿಕಿರಣಶೀಲವಾಗುತ್ತದೆ. ಮಂದಗತಿಯ ನ್ಯೂಟ್ರಾನ್‌ಗಳಿಂದ ಈ ಮಾರ್ಪಾಡು ಆಗಲಾರದು. ಆದುದರಿಂದ ಗೋಡೆಗೆ ಬಡಿದು ಹಿಂದಿರುಗಿ ನಿಧಾನಗೊಂಡ ಕಣಗಳು ಲೆಕ್ಕದಲ್ಲಿ ಸೇರಿ ಮೋಸಮಾಡುವ ಭಯ ಕಡಮೆ. ಹೀಗೆ ಮಾರ್ಪಟ್ಟ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಮೂರು ದಿನಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುವುದು. ಅಷ್ಟರಲ್ಲಿ ತುಣುಕುಗಳ ವಿಕಿರಣವನ್ನು ಸಾವಕಾಶವಾಗಿ ಅಳೆದು, ಎಷ್ಟು ನ್ಯೂಟ್ರಾನ್‌ಗಳು ಹಾದುಹೋದುವೆಂದು ಹಿಂದಕ್ಕೆ ಲೆಕ್ಕಹಾಕುತ್ತಾರೆ. ಕಣ್ಣೆವೆಯಿಕ್ಕುವುದಕ್ಕೂ ಅವಕಾಶವಿಲ್ಲದ ಕ್ಷಣದಲ್ಲಿ ಮುಗಿದುಹೋದ ಘಟನೆಯ ಸಾಕ್ಷ್ಯವನ್ನು ಲೋಹದ ಚೂರುಗಳು ಹೀಗೆ ಕಾಪಾಡಿಡುತ್ತವೆ. ಬೇರೆ ಉಪಕರಣಗಳಿಂದಲೂ ಅಳೆದು ತಾಳೆನೋಡುತ್ತಾರೆ. ಕೊನೆಯ ಅಂಕಿಯಲ್ಲಿ ನೂರಕ್ಕೆ ಐದರಷ್ಟು ಆಚೀಚೆಯಾಗಬಹುದೆಂದು ಅವರೇ ಬರೆದು ತಿಳಿಸಿದ್ದಾರೆ.

ಈ ಎಚ್ಚರ ಸುಮ್ಮನೆ ಬಂದುದಲ್ಲ. ೧೯೫೮ರ ಜನವರಿಯಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನಲ್ಲಿ ‘ಜೀಟಾ’ ಎಂಬ ಯಂತ್ರದಿಂದ ನ್ಯೂಟ್ರಾನ್‌ಗಳು ಹೊರಟುದನ್ನು ಕಂಡು, ಅವು ಸಮ್ಮಿಲನದ ಶಾಖದಿಂದಲೇ ಹುಟ್ಟಿದವೆಂಬುದರಲ್ಲಿ ತಮಗೆ ನೂರಕ್ಕೆ ತೊಂಬತ್ತರಷ್ಟು ನಂಬಿಕೆಯಿದೆಯೆಂದು ಸರ್ ಜಾನ್ ಕಾಕ್‌ಕ್ರಾಫ್ಟ್ ಅವರು ಪತ್ರಿಕಾಕರ್ತರಿಗೆ ಹೇಳಿದರು. ಜಗತ್ತೆಲ್ಲ ಕೊಂಡಾಡಿತು. ನಾಲ್ಕು ತಿಂಗಳು ಕಳೆಯುವುದರೊಳಗೆ ಆ ಹೇಳಿಕೆಯನ್ನು ಹಿಂದೆಗೆದುಕೊಳ್ಳಬೇಕಾಯಿತು. ನ್ಯೂಟ್ರಾನ್‌ಗಳ ಶಕ್ತಿ ವಿದ್ಯುತ್‌ಪ್ರವಾಹದ ದಿಕ್ಕಿನಲ್ಲಿ ಒಂದು ಬಗೆ, ಅದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ಇನ್ನೊಂದು ಬಗೆಯಾಗಿತ್ತು. ನಿಜವಾದ ಶಾಖದಿಂದ ಹುಟ್ಟಿದವುಗಳಾಗಿದ್ದರೆ ಎಲ್ಲ ದಿಕ್ಕಿಗೂ ಒಂದೇ ತೆರನಾಗಿರಬೇಕಿತ್ತು. ಕೆಲವೇ ಕಣಗಳು ಒಂದು ಕಡೆಗೆ ನೂಕಲ್ಪಟ್ಟು ಡಿಕ್ಕಿಹೊಡೆದುದರ ಫಲ ಅದು. ಈ ಪಾಠವನ್ನು ಸಮ್ಮಿಲನದ ವಿಜ್ಞಾನಿಗಳು ಮರೆಯಲಿಲ್ಲ. ೧೯೬೮ರಲ್ಲಿ ಮಾಸ್ಕೋವಿನವರು ತಮ್ಮ ‘ಟೋಕಮಾಕ್’ ಯಂತ್ರದಲ್ಲಿ ಸುಮಾರು ಒಂದು ಕೋಟಿ ಅಂಶಗಳ ಉಷ್ಣತೆಯನ್ನು ಸಾಧಿಸಿದೆವೆಂದಾಗ ಪಶ್ಚಿಮದವರು ನಂಬಲಿಲ್ಲ. ಆಗ ರಷ್ಯದವರು ಮಾಡಿದುದೇನು? ಬ್ರಿಟಿಷ್ ವಿಜ್ಞಾನಿಗಳನ್ನೇ ಬರಮಾಡಿಕೊಂಡರು. ಅವರು ತಮ್ಮ ಲೇಸರ್ ಉಪಕರಣವನ್ನು ಹೊತ್ತುಕೊಂಡು ಹೋಗಿ ೧೯೬೯ರಲ್ಲಿ ತಾವೇ ಅಳೆದು, ಹೇಳಿಕೆ ನಿಜವೆಂದು ಸಾರಿದರು. ಎರಡು ಬಣಗಳ ನಡುವೆ ಶೀತಲಯುದ್ಧ ನಡೆದಿದ್ದ ಕಾಲದಲ್ಲಿ ಪ್ರತಿಸ್ಪರ್ಧಿಯ ಕೈಗೆ ತಕ್ಕಡಿಯನ್ನು ಕೊಟ್ಟು ತೂಗಿಸಿಕೊಂಡ ಈ ಪ್ರಸಂಗ ನನಗೆ ವಿಜ್ಞಾನದ ಇತಿಹಾಸದಲ್ಲಿಯೇ ತುಂಬ ಮೆಚ್ಚಿಗೆಯಾದುದು.

ಇನ್ನು ಛೇದದ ವಿಷಯ. ಲಿವರ್‌ಮೋರ್‌ನಲ್ಲಿಯೇ ೨೦೧೩ರಲ್ಲಿ ನಡೆದ ಪ್ರಯೋಗಗಳ ಫಲವನ್ನು ೨೦೧೪ರ ಫೆಬ್ರುವರಿಯಲ್ಲಿ ಪ್ರಕಟಿಸಿದಾಗಲೂ ‘ಗಳಿಕೆ ಒಂದನ್ನು ದಾಟಿತು’ ಎಂಬ ಘೋಷಣೆಯಾಗಿತ್ತು. ಅಂದು ಲೇಸರ್ ಕೊಟ್ಟುದು ಸುಮಾರು ೧೯ ಲಕ್ಷ ಜೌಲ್. ಸಮ್ಮಿಲನದಿಂದ ಬಂದುದು ಹೆಚ್ಚೆಂದರೆ ೧೭ ಸಾವಿರ ಜೌಲ್. ನೂರಕ್ಕೆ ಒಂದೂ ಅಲ್ಲ! ಹಾಗಾದರೆ ಒಂದನ್ನು ದಾಟಿದುದು ಹೇಗೆ? ಲೇಸರ್ ಕಿರಣ ಮೊದಲು ಕೊಳವೆಯ ಗೋಡೆಗೆ ಬಡಿದು ಕ್ಷ-ಕಿರಣವಾಗುತ್ತದೆ. ಕ್ಷ-ಕಿರಣದಲ್ಲಿ ಒಂದು ಸಣ್ಣ ಭಾಗ ಗುಳಿಗೆಯ ಹೊರಪದರವನ್ನು ಸುಡುತ್ತದೆ. ಹಾಗೆ ಸುಟ್ಟುದರ ಒತ್ತಡದಿಂದ ಒಳಗಿನ ಇಂಧನಕ್ಕೆ ಕೊನೆಗೆ ತಲಪುವುದು ಸುಮಾರು ೧೦ ಸಾವಿರ ಜೌಲ್ ಮಾತ್ರ. ಆ ೧೦ ಸಾವಿರವನ್ನು ಛೇದವಾಗಿ ಇಟ್ಟುಕೊಂಡರು. ಭೌತವಿಜ್ಞಾನಿಗೆ ಆ ಭಿನ್ನರಾಶಿ ಅಮೂಲ್ಯ. ಇಂಧನ ತನ್ನ ಬೆಂಕಿಯಿಂದ ತಾನೇ ಬಿಸಿಯಾಗತೊಡಗಿತೆಂಬ ಸುಳುಹು ಅದರಲ್ಲಿದೆ. ಪತ್ರಿಕೆ ಓದುವವನಿಗೆ ಮಾತ್ರ ೨೦೧೪ರಲ್ಲಿಯೂ ಒಂದು ದಾಟಿತು, ೨೦೨೨ರಲ್ಲಿಯೂ ಒಂದು ದಾಟಿತು. ಒಂದೇ ಗಡಿಯನ್ನು ಎರಡು ಸಲ ದಾಟಿದುದು ಹೇಗೆಂದು ಅವನು ಕೇಳಿದರೆ ತಪ್ಪೇನು?

ಇಂಗ್ಲೆಂಡಿನ ಕಲ್‌ಹ್ಯಾಮ್‌ನಲ್ಲಿದ್ದ ‘ಜೆಟ್’ ಎಂಬ ಯೂರೋಪಿನ ಯಂತ್ರದ ಕಥೆ ಇನ್ನೂ ಬೋಧಪ್ರದವಾಗಿದೆ. ಅದು ಅಯಸ್ಕಾಂತಗಳ ಪಂಜರದಲ್ಲಿ ಕುದಿಯುವ ಅನಿಲವನ್ನು ಹಿಡಿದಿಡುವ ಬಗೆಯ ಯಂತ್ರ. ೧೯೯೭ರಲ್ಲಿ ೨೪ ಮೆಗಾವಾಟ್ ಶಾಖ ಕೊಟ್ಟು ಕ್ಷಣಕಾಲ ೧೬ ಮೆಗಾವಾಟ್ ಪಡೆದರು. ಅಂದರೆ ಮೂರರಲ್ಲಿ ಎರಡು ಪಾಲು. ೨೦೨೧ರ ಕೊನೆಯಲ್ಲಿ ಐದು ಸೆಕೆಂಡುಗಳ ಕಾಲ ಸಮ್ಮಿಲನವನ್ನು ನಡೆಸಿ ಒಟ್ಟು ೫.೯ ಕೋಟಿ ಜೌಲ್ ಪಡೆದಾಗ, ಹಳೆಯ ದಾಖಲೆ ಇಮ್ಮಡಿಗಿಂತ ಹೆಚ್ಚಾಯಿತೆಂಬ ಸುದ್ದಿ ಬಂತು. ಹೌದು, ಒಟ್ಟು ಶಕ್ತಿಯ ದಾಖಲೆ ಇಮ್ಮಡಿಸಿತು. ಆದರೆ ಕೊಟ್ಟುದಕ್ಕೂ ಪಡೆದುದಕ್ಕೂ ಇರುವ ಪ್ರಮಾಣ ಆ ಐದು ಸೆಕೆಂಡುಗಳಲ್ಲಿ ಮೂರರಲ್ಲಿ ಒಂದು ಪಾಲು ಮಾತ್ರ, ಹಿಂದಿನದರ ಅರ್ಧ. ಎರಡೂ ಸತ್ಯವೇ. ದೀರ್ಘಕಾಲ ಸ್ಥಿರವಾಗಿ ಉರಿಸುವುದು ಕ್ಷಣಿಕ ಭುಗಿಲಿಗಿಂತ ಕಠಿಣವಾದ ಕೆಲಸವೆಂಬುದೂ ಸತ್ಯ. ೨೦೨೩ರಲ್ಲಿ ಅದೇ ಯಂತ್ರ ತನ್ನ ಕೊನೆಯ ದಿನಗಳಲ್ಲಿ ೬.೯ ಕೋಟಿ ಜೌಲ್, ಎಂದರೆ ಸುಮಾರು ೧೯ ಯೂನಿಟ್, ಕೊಟ್ಟು ವಿಶ್ರಾಂತಿ ಪಡೆಯಿತು. ಅದರ ಅಯಸ್ಕಾಂತಗಳಿಗೆ ಬೇಕಾದ ವಿದ್ಯುತ್ತು ಎಷ್ಟಿತ್ತೆಂದರೆ, ಊರಿನ ತಂತಿಯಿಂದ ಒಮ್ಮೆಲೆ ಅಷ್ಟನ್ನು ಎಳೆಯಲಾರದೆ, ಭಾರಿ ಗಾಲಿಗಳನ್ನು ಮುಂಚೆಯೇ ತಿರುಗಿಸಿಟ್ಟು ಅವುಗಳಲ್ಲಿ ಶಕ್ತಿಯನ್ನು ಕೂಡಿಡುತ್ತಿದ್ದರು. ಆ ಖರ್ಚು ೨೪ ಮೆಗಾವಾಟ್ ಎಂಬ ಛೇದದಲ್ಲಿ ಸೇರಿರಲಿಲ್ಲ.

ಜಪಾನಿನ ‘ಜೆಟಿ-೬೦’ ಯಂತ್ರದವರು ೧೯೯೮ರಲ್ಲಿ ೧.೨೫ ಎಂಬ ಗಳಿಕೆಯನ್ನು ಘೋಷಿಸಿದರು. ಆ ಯಂತ್ರದಲ್ಲಿ ಟ್ರಿಟಿಯಂ ಹಾಕಿರಲೇ ಇಲ್ಲ. ಹಾಕಿದ್ದರೆ ಎಷ್ಟಾಗುತ್ತಿತ್ತೆಂಬ ಅಂದಾಜಿನ ಅಂಕಿ ಅದು! ವಿಜ್ಞಾನಿಗಳು ಅದಕ್ಕೆ ‘ಸಮಾನಗಳಿಕೆ’ ಎಂಬರ್ಥದ ವಿಶೇಷಣವನ್ನು ಸೇರಿಸಿಯೇ ಬರೆಯುತ್ತಾರೆ. ಆದರೆ ಇಂಥ ವಿಶೇಷಣಗಳು ಪ್ರಯೋಗಶಾಲೆಯಿಂದ ಪತ್ರಿಕೆಯವರೆಗಿನ ದಾರಿಯಲ್ಲಿ ಮೊದಲು ಉದುರಿಹೋಗುವ ಎಲೆಗಳು.

ಪೂರ್ಣ ಲೆಕ್ಕ ಹಾಕುವುದು ಹೊಸ ಸಂಗತಿಯೇನಲ್ಲ ಎಂಬುದು ಇಲ್ಲಿ ಗಮನಿಸತಕ್ಕ ವಿಷಯ. ೧೯೫೫ರಲ್ಲಿ ಹಾರ್ವೆಲ್‌ನ ಜಾನ್ ಲಾಸನ್ ಎಂಬ ತರುಣ, ಸಮ್ಮಿಲನದಿಂದ ಉಪಯೋಗವಾಗಬೇಕಾದರೆ ಏನೇನು ಕೂಡಿಬರಬೇಕೆಂದು ಒಂದು ಪುಟ್ಟ ವರದಿ ಬರೆದರು. ಕಲಿತದ್ದು ಯಂತ್ರಶಾಸ್ತ್ರ. ಆದುದರಿಂದಲೇ ಇರಬೇಕು, ಹೊರಬಂದ ಶಾಖದಲ್ಲಿ ಮೂರರಲ್ಲೊಂದು ಪಾಲು ಮಾತ್ರ ವಿದ್ಯುತ್ತಾಗಿ ದೊರೆಯುವುದೆಂದೂ, ಆ ವಿದ್ಯುತ್ತೇ ಯಂತ್ರಕ್ಕೆ ಹಿಂದಿರುಗಿ ಸಾಲಬೇಕೆಂದೂ ಅವರು ಮೊದಲಿಗೇ ಲೆಕ್ಕಕ್ಕೆ ಹಿಡಿದರು. ಅವರ ಎಣಿಕೆಯಂತೆ ಸಮ್ಮಿಲನದ ಶಕ್ತಿ ಕೊಟ್ಟ ಶಕ್ತಿಗೆ ಎರಡು ಪಟ್ಟಿಗಿಂತ ಹೆಚ್ಚಾಗಿರದಿದ್ದರೆ ಪ್ರಯೋಜನವೇ ಇಲ್ಲ. ಕಾಯಿಸುವ ಉಪಕರಣವೂ ತಾನು ಪಡೆದ ವಿದ್ಯುತ್ತಿನಲ್ಲಿ ಒಂದು ಭಾಗವನ್ನು ಪೋಲುಮಾಡುವುದೆಂಬುದನ್ನು ಸೇರಿಸಿದರೆ ಮಿತಿ ಇನ್ನೂ ಮೇಲೇರುತ್ತದೆ. ಹತ್ತನೆಯ ಇಯತ್ತೆಯ ವಿದ್ಯಾರ್ಥಿ ಇದನ್ನು ತಾನೇ ಮಾಡಿ ನೋಡಬಹುದು. ನೂರು ಯೂನಿಟ್ ವಿದ್ಯುತ್ತಿನಲ್ಲಿ ೪೦ ಮಾತ್ರ ಅನಿಲವನ್ನು ಕಾಯಿಸಲಿ. ಹೊರಬಂದ ಒಟ್ಟು ಶಾಖದಲ್ಲಿಯೂ ನೂರಕ್ಕೆ ೪೦ ಮಾತ್ರ ವಿದ್ಯುತ್ತಾಗಲಿ. ಖರ್ಚಾದ ನೂರು ಯೂನಿಟ್ ಮರಳಿ ಬರಬೇಕಾದರೆ ೨೫೦ ಯೂನಿಟ್ ಶಾಖ ಹುಟ್ಟಬೇಕು. ಅದರಲ್ಲಿ ನಾವು ಕೊಟ್ಟ ೪೦ ಹೋಗಲಾಗಿ ಉಳಿದ ೨೧೦ ಸಮ್ಮಿಲನದಿಂದ ಬರಬೇಕು. ಎಂದರೆ ಐದೂಕಾಲು ಪಟ್ಟು! ಅಲ್ಲಿಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಅಯಸ್ಕಾಂತಗಳ ಖರ್ಚು, ಅವನ್ನು ತಣ್ಣಗಿಡುವ ಖರ್ಚು, ಪಂಪುಗಳ ಖರ್ಚು ಇನ್ನೂ ಬಾಕಿ. ‘ಒಂದು’ ಎಂಬ ಗಡಿ ದಾಟಿದೊಡನೆ ದೀಪ ಹತ್ತುವುದೆಂಬ ಭಾವನೆ ಎಷ್ಟು ದೂರದ ಮಾತೆಂದು ಇದರಿಂದ ತಿಳಿಯಬಹುದು.

ಇಷ್ಟೆಲ್ಲ ವಿಚಾರ ಮುಂಬಯಿಯ ಒಂದು ಕನ್ನಡ ಶಾಲೆಯ ವಾರ್ಷಿಕ ಸಂಚಿಕೆಯಲ್ಲೇಕೆ ಎಂದು ಕೆಲವರಾದರೂ ಕೇಳಿಯಾರು. ಲಾಸನ್ ಆ ವರದಿ ಬರೆದ ೧೯೫೫ರಲ್ಲಿಯೇ ಜಿನೀವಾದಲ್ಲಿ ಅಣುಶಕ್ತಿಯ ಶಾಂತಿಯುತ ಉಪಯೋಗಗಳ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಅದರ ಅಧ್ಯಕ್ಷಪೀಠದಿಂದ, ಎರಡು ದಶಕಗಳೊಳಗಾಗಿ ಸಮ್ಮಿಲನದ ಶಕ್ತಿಯನ್ನು ಹತೋಟಿಯಲ್ಲಿ ಬಿಡುಗಡೆಮಾಡುವ ಉಪಾಯ ದೊರೆಯುವುದೆಂದು ಭವಿಷ್ಯ ನುಡಿದವರು ನಮ್ಮ ಮುಂಬಯಿಯವರೇ ಆದ ಡಾಕ್ಟರ್ ಹೋಮಿ ಭಾಭಾ. ಆ ಎರಡು ದಶಕಗಳು ೧೯೭೫ಕ್ಕೆ ಮುಗಿದುವು. ಭಾಭಾ ಅವರ ದೂರದೃಷ್ಟಿಗೆ ಇದರಿಂದ ಕುಂದಿಲ್ಲ. ಅಂದು ಅನಿಲದ ತುಂಟತನ ಯಾರಿಗೂ ಪೂರ್ತಿಯಾಗಿ ತಿಳಿದಿರಲಿಲ್ಲ. ಆದರೆ ಆ ಕನಸಿಗೆ ಇಂದು ನಮ್ಮ ಬೊಕ್ಕಸದ ಹಣವೂ ಕೂಡಿಕೊಂಡಿದೆ. ಫ್ರಾನ್ಸಿನ ದಕ್ಷಿಣದಲ್ಲಿ ಏಳುತ್ತಿರುವ ‘ಈಟರ್’ ಎಂಬ ಬೃಹದ್ಯಂತ್ರದ ನಿರ್ಮಾಣದಲ್ಲಿ ಭಾರತದ ಪಾಲು ಶೇಕಡ ಒಂಬತ್ತರಷ್ಟು. ಅದರ ಸುಮಾರು ೩೦ ಮೀಟರ್ ಎತ್ತರದ ಉಕ್ಕಿನ ಹೊರಗವಚದ ಭಾಗಗಳು ತಯಾರಾದುದು ಗುಜರಾತಿನ ಹಜೀರಾದಲ್ಲಿ. ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನ ಸಂಸ್ಥೆಯಲ್ಲಿ ೧೯೮೯ರಿಂದ ‘ಆದಿತ್ಯ’ ಎಂಬ ನಮ್ಮದೇ ಟೋಕಮಾಕ್ ನಡೆದುಬಂದಿದೆ. ಆದುದರಿಂದ ಲೆಕ್ಕ ಕೇಳುವ ಹಕ್ಕು ನಮಗುಂಟು.

ಈಟರಿನ ಬಗೆಗೆ ಸಾಮಾನ್ಯವಾಗಿ ಕೇಳಿಬರುವ ಮಾತು, ೫೦ ಮೆಗಾವಾಟ್ ಕೊಟ್ಟು ೫೦೦ ಮೆಗಾವಾಟ್ ಪಡೆಯುವುದು ಎಂದು. ಹತ್ತು ಪಟ್ಟು. ಇಲ್ಲಿ ೫೦ ಎಂಬುದು ಅನಿಲದೊಳಕ್ಕೆ ಹೋಗುವ ಶಾಖ. ಇಡಿಯ ಸ್ಥಾವರಕ್ಕೆ ಸದಾಕಾಲ ಬೇಕಾಗುವ ವಿದ್ಯುತ್ತು ೧೧೦ ಮೆಗಾವಾಟ್ ಎಂದೂ, ಪ್ರಯೋಗದ ವೇಳೆ ೩೦ ಸೆಕೆಂಡುಗಳ ಕಾಲ ೬೨೦ ಮೆಗಾವಾಟ್‌ವರೆಗೆ ಏರುವುದೆಂದೂ ಈಟರ್ ಸಂಸ್ಥೆಯೇ ತಿಳಿಸಿದೆ. ಪಡೆಯುವ ೫೦೦ ಮೆಗಾವಾಟ್ ಕೂಡ ಶಾಖವೇ ಹೊರತು ವಿದ್ಯುತ್ತಲ್ಲ. ಮೂರರಲ್ಲೊಂದು ಪಾಲು ವಿದ್ಯುತ್ತಾದರೆ ೧೬೭ ಮೆಗಾವಾಟ್ ಆದೀತು. ಅದೂ ಕಾಗದದ ಮೇಲಿನ ಎಣಿಕೆ, ಏಕೆಂದರೆ ಈಟರಿನಲ್ಲಿ ವಿದ್ಯುದುತ್ಪಾದನೆಯ ಯಂತ್ರವನ್ನೇ ಕೂಡಿಸುವುದಿಲ್ಲ. ಹತ್ತು ಎಂಬ ಅಂಕಿಯನ್ನು ಓದಿದ ಸಾಮಾನ್ಯ ನಾಗರಿಕನ ಮನಸ್ಸಿನಲ್ಲಿ ಮೂಡುವ ಚಿತ್ರಕ್ಕೂ ಈ ವಾಸ್ತವಕ್ಕೂ ಎಷ್ಟು ಅಂತರ!

ಇದಕ್ಕೆ ವಿಜ್ಞಾನಿಗಳು ಕೊಡುವ ಉತ್ತರವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಲಿವರ್‌ಮೋರ್‌ನ ಯಂತ್ರ ವಿದ್ಯುತ್ತಿಗಾಗಿ ಕಟ್ಟಿದುದಲ್ಲ. ಅಣ್ವಸ್ತ್ರಗಳ ಪರಿಶೀಲನೆ ಅದರ ಮುಖ್ಯ ಉದ್ದೇಶ. ಅದರ ಲೇಸರ್‌ಗಳು ಹಳೆಯ ಮಾದರಿಯವು. ನೂರು ಪಾಲು ವಿದ್ಯುತ್ತಿನಲ್ಲಿ ಒಂದು ಪಾಲನ್ನೂ ಪೂರ್ತಿ ಬೆಳಕಾಗಿ ಕೊಡಲಾರವು. ಹೊಸ ಲೇಸರ್‌ಗಳು ಇದಕ್ಕಿಂತ ಎಷ್ಟೋ ಮೇಲು. ಹೀಗಿರುವಾಗ ಗೋಡೆಯ ವಿದ್ಯುತ್ತಿನಿಂದ ಲೆಕ್ಕ ಹಿಡಿದರೆ ಅಳೆದಂತಾಗುವುದು ಲೇಸರ್‌ನ ಹಳೆಯತನವೇ ಹೊರತು ಸಮ್ಮಿಲನದ ಯೋಗ್ಯತೆಯಲ್ಲ ಎಂಬುದು ಅವರ ವಾದ. ಈ ವಾದ ಸರಿಯಾದುದು. ಅದೇ ಯಂತ್ರದಲ್ಲಿ ೨೦೨೫ರ ಏಪ್ರಿಲ್‌ನಲ್ಲಿ ೨೦.೮ ಲಕ್ಷ ಜೌಲ್ ಲೇಸರ್ ಶಕ್ತಿಗೆ ೮೬ ಲಕ್ಷ ಜೌಲ್ ದೊರೆಯಿತು; ಒಂದೂವರೆ ಇದ್ದುದು ಎರಡೂವರೆ ವರ್ಷಗಳೊಳಗೆ ನಾಲ್ಕನ್ನು ದಾಟಿತು. ಈ ಪ್ರಗತಿಯನ್ನು ಕಾಣಿಸುವುದು ಗುಳಿಗೆಯ ಲೆಕ್ಕವೇ. ಗೋಡೆಯ ಲೆಕ್ಕದಲ್ಲಿ ಅದು ನೂರಕ್ಕೆ ಒಂದರಿಂದ ಸುಮಾರು ಮೂರಕ್ಕೆ ಏರಿದಂತೆ ಮಾತ್ರ ತೋರುವುದು.

ಗುಳಿಗೆಯ ಲೆಕ್ಕವನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ಇಂಧನಕ್ಕೆ ತಲಪಿದ ಶಕ್ತಿ, ಯಂತ್ರದಿಂದ ಗುಳಿಗೆಗೋ ಅನಿಲಕ್ಕೋ ಹೋದ ಶಕ್ತಿ, ಗೋಡೆಯ ತಂತಿಯಿಂದ ಬಂದ ಶಕ್ತಿ ಈ ಮೂರನ್ನೂ ಒಂದೇ ಸಾಲಿನಲ್ಲಿ, ಒಂದೇ ಅಳತೆಯ ಅಕ್ಷರಗಳಲ್ಲಿ ಪ್ರಕಟಿಸಬೇಕೆಂಬುದಷ್ಟೇ ನನ್ನ ಬೇಡಿಕೆ. ಶಾಲೆಯ ಪ್ರಯೋಗಶಾಲೆಯಲ್ಲಿ ಉಷ್ಣಮಾಪಕ ಪಾತ್ರೆ ತಾನೇ ಹೀರಿಕೊಂಡ ಶಾಖವನ್ನು ಲೆಕ್ಕದಲ್ಲಿ ಸೇರಿಸದ ಹುಡುಗನಿಗೆ ನಾವು ಅಂಕ ಕಡಿಯುತ್ತೇವೆ. ಪಾತ್ರೆ ತಾಮ್ರದ್ದಾಗಿತ್ತು, ಬೆಳ್ಳಿಯದಾಗಿದ್ದರೆ ಕಡಮೆ ಹೀರುತ್ತಿತ್ತು ಎಂಬ ಸಮಾಧಾನವನ್ನು ಕೇಳುವುದಿಲ್ಲ. ಇನ್ನೂ ಒಂದು ಅಪಾಯವಿದೆ. ಸಮ್ಮಿಲನದ ವಿದ್ಯುತ್ತು ಇನ್ನೇನು ಬಂದೇಬಿಟ್ಟಿತೆಂದು ನಂಬಿದ ಸಮಾಜ ಇಂದೇ ಮಾಡಬೇಕಾದ ಕೆಲಸಗಳನ್ನು ನಾಳೆಗೆ ತಳ್ಳುವುದು. ಬಾರದಿದ್ದಾಗ ಸಿಟ್ಟಿಗೆದ್ದು ಸಂಶೋಧನೆಗೆ ಹಣ ಕೊಡುವುದನ್ನೇ ನಿಲ್ಲಿಸುವುದು. ಎರಡರಿಂದಲೂ ಪೆಟ್ಟು ತಿನ್ನುವವರು ಇಂದು ವಿಜ್ಞಾನ ಶಾಖೆಯನ್ನು ಆರಿಸಿಕೊಳ್ಳಬೇಕೆಂದಿರುವ ಮಕ್ಕಳು.

೨೦೨೪ರಲ್ಲಿ ಪರಿಷ್ಕರಿಸಿದ ಕಾರ್ಯಕ್ರಮದಂತೆ ಈಟರಿನಲ್ಲಿ ಸಂಶೋಧನೆ ಮೊದಲಾಗುವುದು ೨೦೩೪ರಲ್ಲಿ. ಡ್ಯೂಟೀರಿಯಂ-ಟ್ರಿಟಿಯಂ ಇಂಧನವನ್ನು ಹಾಕುವುದು ೨೦೩೯ರಲ್ಲಿ. ಇಂದು ನಮ್ಮ ಐದನೆಯ ಇಯತ್ತೆಯ ಬೆಂಚುಗಳ ಮೇಲೆ ಕುಳಿತಿರುವವರು ಆಗ ಪದವೀಧರರಾಗಿರುವರು. ಅವರಲ್ಲಿ ಒಬ್ಬಿಬ್ಬರು ಅಲ್ಲಿಯೇ ನ್ಯೂಟ್ರಾನ್ ಎಣಿಸುವ ಕೆಲಸದಲ್ಲಿದ್ದರೂ ಆಶ್ಚರ್ಯವಿಲ್ಲ. ಅಂದು ಹತ್ತರ ಅಂಕಿ ಮುಟ್ಟಿತೆಂಬ ಸುದ್ದಿ ಬಂದಾಗ, ೫೦೦ ಮೆಗಾವಾಟ್ ಶಾಖವೆಲ್ಲ ತಂಪುಗೋಪುರಗಳ ಮೂಲಕ ಫ್ರಾನ್ಸಿನ ಗಾಳಿಯಲ್ಲಿ ಸೇರುತ್ತಿರುವುದು. ಸ್ಥಾವರದ ಹೆಬ್ಬಾಗಿಲಿನ ವಿದ್ಯುನ್ಮಾಪಕದಲ್ಲಿ ಒಳಗೆ ಬಂದ ವಿದ್ಯುತ್ತಿನ ಲೆಕ್ಕ ಮಾತ್ರ ಏರುತ್ತಿರುವುದು.